ಒತ್ತಡಕ್ಕೆ ಅಡ್ರಿನಲ್ ಗ್ರಂಥಿ ಸರಿಯಾಗಿ ಸ್ಪಂದಿಸದಿದ್ದಾಗ: ದೋಷವನ್ನು ಪತ್ತೆಹಚ್ಚುವ ಕ್ರಮ

ಬಿಡದ ದಣಿವು, ಬೆಳಗ್ಗೆ ಏಳಲಾಗದ ಜಡತೆ, ಸಣ್ಣ ಕಾರಣಕ್ಕೂ ಹೊಡೆದುಕೊಳ್ಳುವ ಎದೆ, ನಿಂತರೆ ಬರುವ ತಲೆಸುತ್ತು ಇವುಗಳಲ್ಲಿ ಒಂದೆರಡು ಸೇರಿದರೆ ಸಾಕು, ‘ಒತ್ತಡ ಹೆಚ್ಚಾಗಿ ಅಡ್ರಿನಲ್ ಗ್ರಂಥಿ ಸೋತಿದೆ’ ಎಂಬ ತೀರ್ಮಾನಕ್ಕೆ ಬರುವವರು ಬಹಳ ಮಂದಿ. ಈ ತೀರ್ಮಾನದಿಂದ ಎರಡು ಬಗೆಯ ಹಾನಿಯಾಗುತ್ತದೆ. ಗ್ರಂಥಿ ಆರೋಗ್ಯವಾಗಿರುವವರು ಬೇಡದ ಮಾತ್ರೆಗಳನ್ನು ನುಂಗುತ್ತಾರೆ. ಗ್ರಂಥಿ ನಿಜಕ್ಕೂ ಕೆಟ್ಟಿರುವ ಕೆಲವರಿಗೆ ‘ಒತ್ತಡ ಕಡಿಮೆ ಮಾಡಿಕೊಳ್ಳಿ’ ಎಂಬ ಸಲಹೆಯಷ್ಟೇ ಸಿಕ್ಕಿ, ಪ್ರಾಣಕ್ಕೆ ಕುತ್ತು ಬರುವ ತನಕ ರೋಗ ಗುರುತಾಗುವುದಿಲ್ಲ. ಆದ್ದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ ‘ಅಡ್ರಿನಲ್ ಕೆಟ್ಟಿದೆಯೇ’ ಎಂಬುದಷ್ಟೇ ಅಲ್ಲ. ಮಿದುಳಿನಿಂದ ಗ್ರಂಥಿಯವರೆಗೆ, ಗ್ರಂಥಿಯಿಂದ ಅಂಗಾಂಗಗಳವರೆಗೆ ಹರಿಯುವ ಸಂದೇಶ ಯಾವ ಘಟ್ಟದಲ್ಲಿ ತಪ್ಪಿದೆ ಎಂಬುದನ್ನು ಕೇಳಬೇಕು.

ಹುಡುಕುವ ಮೊದಲು: ಇದು ತುರ್ತು ಸ್ಥಿತಿಯೇ?

ತೀವ್ರ ನಿಶ್ಶಕ್ತಿ, ಪದೇ ಪದೇ ವಾಂತಿ, ಹೊಟ್ಟೆನೋವು, ಕುಸಿದ ರಕ್ತದೊತ್ತಡ, ಮಂಕು ಅಥವಾ ಗೊಂದಲ ಇವು ಒಟ್ಟಿಗೆ ಕಂಡುಬಂದರೆ, ಅದರಲ್ಲೂ ಆ ವ್ಯಕ್ತಿ ಈ ಮೊದಲು ಸ್ಟಿರಾಯ್ಡ್ (ಅಡ್ರಿನಲ್ ಗ್ರಂಥಿಯ ಕಾರ್ಟಿಸೋಲ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧ) ಸೇವಿಸುತ್ತಿದ್ದರೆ ಅಥವಾ ಜ್ವರ, ಗಾಯ, ಶಸ್ತ್ರಚಿಕಿತ್ಸೆಗಳ ನಂತರ ಹೀಗಾಗಿದ್ದರೆ, ಅದನ್ನು ಅಡ್ರಿನಲ್ ಬಿಕ್ಕಟ್ಟು, ಅಂದರೆ ಕಾರ್ಟಿಸೋಲ್ ತೀರಾ ಸಾಲದೆ ಜೀವಕ್ಕೆ ಅಪಾಯವಾದ ಸ್ಥಿತಿ, ಎಂದೇ ಭಾವಿಸಿ ನಡೆದುಕೊಳ್ಳಬೇಕು. ವಯಸ್ಕರಿಗೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡನ್ನು ರಕ್ತನಾಳಕ್ಕೆ ಅಥವಾ ಸ್ನಾಯುವಿಗೆ ಚುಚ್ಚಿ, ಮೊದಲ ಒಂದು ಗಂಟೆಯಲ್ಲಿ ಸುಮಾರು ಒಂದು ಲೀಟರ್ ಸಲೈನ್ ಕೊಡುವುದು ರೂಢಿಯಲ್ಲಿರುವ ಕ್ರಮ. ಸಾಧ್ಯವಿದ್ದರೆ ಚುಚ್ಚುವ ಮುನ್ನ ಕಾರ್ಟಿಸೋಲ್ ಮತ್ತು ಅದನ್ನು ತಯಾರಿಸಲು ಗ್ರಂಥಿಗೆ ಹೇಳುವ ಎಸಿಟಿಎಚ್ ಹಾರ್ಮೋನುಗಳ ಅಳತೆಗಾಗಿ ರಕ್ತ ತೆಗೆದಿಡಬೇಕೇ ಹೊರತು ಅದರ ಫಲಿತಾಂಶಕ್ಕಾಗಿ ಒಂದು ನಿಮಿಷವೂ ಕಾಯಬಾರದು. ಬಿಕ್ಕಟ್ಟು ಇಲ್ಲದವರಿಗೆ ಕೊಟ್ಟ ಒಂದು ಡೋಸು ಸಾಮಾನ್ಯವಾಗಿ ಹಾನಿ ಮಾಡದು; ಇದ್ದವರಿಗೆ ಕೊಡದೆ ಹೋದರೆ ಜೀವವೇ ಹೋಗಬಹುದು.

ಈ ಕೈಪಿಡಿಯ ಉಳಿದ ಭಾಗವೆಲ್ಲ ಅಂಥ ತುರ್ತು ಇಲ್ಲದವರಿಗೆ.

ವ್ಯವಸ್ಥೆ ಸರಿಯಿದ್ದಾಗ ನಡೆಯುವುದೇನು

ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಈ ಗ್ರಂಥಿಗಳು ತಲಾ ನಾಲ್ಕೈದು ಗ್ರಾಂ ಮಾತ್ರ ತೂಗುತ್ತವೆ. ನೋಡಲು ಒಂದಾಗಿ ಕಂಡರೂ ಪ್ರತಿಯೊಂದರಲ್ಲೂ ಹುಟ್ಟಿನಿಂದಲೇ ಬೇರೆಯಾದ ಎರಡು ಗ್ರಂಥಿಗಳಿವೆ: ಹೊರಗೆ ತೊಗಟೆ, ಒಳಗೆ ತಿರುಳು. ಒತ್ತಡದ ಸುದ್ದಿ ಈ ಎರಡಕ್ಕೂ ತಲುಪುವ ದಾರಿ ಬೇರೆ, ವೇಗ ಬೇರೆ. ದೋಷ ಹುಡುಕುವವರು ಮನದಟ್ಟು ಮಾಡಿಕೊಳ್ಳಬೇಕಾದ ಮೊದಲ ಸಂಗತಿ ಇದು.

ತಿರುಳಿಗೆ ಸುದ್ದಿ ತಲುಪುವುದು ನರದ ಮೂಲಕ. ಬೆನ್ನುಹುರಿಯಿಂದ ಹೊರಟ ಅನುವೇದಕ (ಅಪಾಯಕ್ಕೆ ದೇಹವನ್ನು ಸಜ್ಜುಗೊಳಿಸುವ) ನರತಂತುಗಳು ನಡುವೆ ಎಲ್ಲಿಯೂ ನಿಲ್ಲದೆ ನೇರವಾಗಿ ತಿರುಳಿನ ಕೋಶಗಳನ್ನು ಮುಟ್ಟುವುದರಿಂದ, ಗಾಬರಿಯಾದ ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ಮತ್ತು ಅದರ ನಾಲ್ಕನೆಯ ಒಂದು ಭಾಗದಷ್ಟು ನಾರ್‌ಅಡ್ರಿನಲಿನ್ ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ಯಕೃತ್ತಿನಿಂದ ಸಕ್ಕರೆ ಬಿಡುಗಡೆಯಾಗುತ್ತದೆ, ಚರ್ಮ ಮತ್ತು ಕರುಳಿನಿಂದ ರಕ್ತ ಸ್ನಾಯುಗಳತ್ತ ತಿರುಗುತ್ತದೆ. ಅಡ್ರಿನಲಿನ್‌ನ ಅರ್ಧಾಯುಷ್ಯ ಎರಡು ಮೂರು ನಿಮಿಷ ಮಾತ್ರ. ಹಾಗಾಗಿ ಭಯ ಕಳೆದ ಸ್ವಲ್ಪ ಹೊತ್ತಿಗೆ ನಡುಕವೂ ನಿಲ್ಲುತ್ತದೆ.

ತೊಗಟೆಗೆ ಸುದ್ದಿ ತಲುಪುವುದು ರಕ್ತದ ಮೂಲಕ. ಮಿದುಳಿನ ಭಾಗವಾದ ಹೈಪೊಥಲಾಮಸ್ ಸಿಆರ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತದೆ, ಅದಕ್ಕೆ ಓಗೊಟ್ಟು ಮಿದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಸ್ರವಿಸುತ್ತದೆ, ಆ ಎಸಿಟಿಎಚ್ ತೊಗಟೆಯ ನಡುಪದರವನ್ನು ಮುಟ್ಟಿದ ಮೇಲೆ ಕಾರ್ಟಿಸೋಲ್ ತಯಾರಾಗುತ್ತದೆ. ಕಾರ್ಟಿಸೋಲನ್ನು ಮೊದಲೇ ಮಾಡಿ ಕೂಡಿಡುವ ಉಗ್ರಾಣ ಗ್ರಂಥಿಯಲ್ಲಿಲ್ಲ. ಬೇಡಿಕೆ ಬಂದಾಗ ಕೊಲೆಸ್ಟರಾಲಿನಿಂದ ಹೊಸದಾಗಿ ತಯಾರಿಸಬೇಕು. ಆದ್ದರಿಂದಲೇ ಒತ್ತಡ ಶುರುವಾಗಿ ಇಪ್ಪತ್ತು ಮೂವತ್ತು ನಿಮಿಷಗಳ ನಂತರ ಅದು ಶಿಖರ ಮುಟ್ಟುತ್ತದೆ. ರಕ್ತದಲ್ಲಿ ಕಾರ್ಟಿಸೋಲ್ ಹೆಚ್ಚಿದಾಗ ಅದೇ ಮೇಲಕ್ಕೆ ತಿಳಿಸಿ ಸಿಆರ್‌ಎಚ್ ಮತ್ತು ಎಸಿಟಿಎಚ್‌ಗಳನ್ನು ತಗ್ಗಿಸುತ್ತದೆ. ಈ ಹಿಮ್ಮಾಹಿತಿಯೇ ಇಡೀ ವ್ಯವಸ್ಥೆಯ ಕಡಿವಾಣ. ಮುಂದೆ ವಿವರಿಸುವ ಬಹುಪಾಲು ಪರೀಕ್ಷೆಗಳು ಈ ಕಡಿವಾಣವನ್ನು ಎಳೆದೋ ಸಡಿಲಿಸಿಯೋ ನೋಡುವಂಥವು.

ಎರಡು ದಾರಿಗಳು ಬೇರೆಯಾದರೂ ಗ್ರಂಥಿಯೊಳಗೆ ಅವು ಸಂಧಿಸುತ್ತವೆ ಎಂಬುದು ನನಗೆ ಸದಾ ಬೆರಗಿನ ವಿಷಯ. ತೊಗಟೆಯಿಂದ ಹರಿದ ರಕ್ತ ತಿರುಳನ್ನು ತೋಯಿಸಿ ಹೊರಡುತ್ತದೆ. ಅದರಲ್ಲಿ ತುಂಬಿರುವ ಕಾರ್ಟಿಸೋಲ್, ನಾರ್‌ಅಡ್ರಿನಲಿನ್‌ ಅನ್ನು ಅಡ್ರಿನಲಿನ್ ಆಗಿ ಬದಲಿಸುವ ಕಿಣ್ವವನ್ನು ಪ್ರಚೋದಿಸುತ್ತದೆ. ಅಷ್ಟೇ ಅಲ್ಲ, ರಕ್ತನಾಳಗಳು ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್‌ಗೆ ಸರಿಯಾಗಿ ಓಗೊಡಬೇಕಾದರೂ ಕಾರ್ಟಿಸೋಲ್ ಬೇಕು. ಕಾರ್ಟಿಸೋಲ್ ಇಲ್ಲದವರಲ್ಲಿ ಜ್ವರ ಬಂದಾಗ ರಕ್ತದೊತ್ತಡ ಕುಸಿಯುವುದಕ್ಕೂ, ಅದು ಬೇರೆ ಔಷಧಗಳಿಗೆ ಸುಲಭವಾಗಿ ಬಗ್ಗದಿರುವುದಕ್ಕೂ ಇದೇ ಕಾರಣ.

ಅಳತೆಗೆ ಮುನ್ನ: ದೇಹಕ್ಕೆ ಏನು ಹೋಗುತ್ತಿದೆ, ಗಡಿಯಾರ ಎಷ್ಟು ತೋರಿಸುತ್ತಿದೆ

ಪ್ರಯೋಗಾಲಯಕ್ಕೆ ರಕ್ತ ಕಳಿಸುವ ಮುನ್ನ ಕಾಗದ ತೆಗೆದುಕೊಂಡು, ಕಳೆದ ಒಂದು ವರ್ಷದಲ್ಲಿ ಆ ವ್ಯಕ್ತಿಯ ದೇಹಕ್ಕೆ ಹೋದ ಪ್ರತಿಯೊಂದು ಔಷಧವನ್ನೂ ಬರೆಯಬೇಕು. ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ಫಲ ಕೊಡುವ ಹೆಜ್ಜೆ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಈ ವ್ಯವಸ್ಥೆಯನ್ನು ಕೆಡಿಸುವ ಅತಿ ಸಾಮಾನ್ಯ ಕಾರಣ ಹೊರಗಿನಿಂದ ಬಂದು ಇದೇ ಕಡಿವಾಣವನ್ನು ಎಳೆಯುವ ಸ್ಟಿರಾಯ್ಡ್. ‘ಸ್ಟಿರಾಯ್ಡ್ ತೆಗೆದುಕೊಳ್ಳುತ್ತೀರಾ’ ಎಂದು ಕೇಳಿದರೆ ಬಹುತೇಕರು ಇಲ್ಲವೆನ್ನುತ್ತಾರೆ, ಅವರು ಹೇಳುವುದು ಸುಳ್ಳೂ ಅಲ್ಲ, ಏಕೆಂದರೆ ಉಬ್ಬಸಕ್ಕೆ ಎಳೆದುಕೊಳ್ಳುವ ಇನ್‌ಹೇಲರ್, ಚರ್ಮಕ್ಕೆ ಹಚ್ಚುವ ಮುಲಾಮು, ಮೂಗಿಗೆ ಸಿಂಪಡಿಸುವ ದ್ರವ, ಮಂಡಿಗೆ ಚುಚ್ಚಿಸಿಕೊಂಡ ಇಂಜೆಕ್ಷನ್ ಇವೆಲ್ಲ ಸ್ಟಿರಾಯ್ಡ್ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಆದ್ದರಿಂದ ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು. ನೋವಿಗೆ ಅಥವಾ ಉಬ್ಬಸಕ್ಕೆ ಪವಾಡದಂತೆ ಕೆಲಸ ಮಾಡುವ, ಮೇಲೆ ಏನಿದೆಯೆಂದು ಬರೆಯದ ಪುಡಿ ಮಾತ್ರೆಗಳ ಬಗ್ಗೆಯೂ ಕೇಳಬೇಕು. ಇಂಥವುಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದು ಅನೇಕ ದೇಶಗಳಲ್ಲಿ ಪತ್ತೆಯಾಗಿದೆ.

ಇನ್ನು ಕೆಲವು ಔಷಧಗಳು ಬೇರೆ ಬೇರೆ ರೀತಿಯಲ್ಲಿ ಅಡ್ಡಬರುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕಾರ್ಟಿಸೋಲನ್ನು ಬೇಗ ಒಡೆಯುವಂತೆ ಮಾಡುವುದರಿಂದ, ಗ್ರಂಥಿ ಮೊದಲೇ ಅರೆಬರೆ ಹಾಳಾಗಿದ್ದವರಲ್ಲಿ ಕೊರತೆ ಬಯಲಾಗುತ್ತದೆ. ಶಿಲೀಂಧ್ರ ಸೋಂಕಿಗೆ ಕೊಡುವ ಕೀಟೊಕೊನಜೋಲ್ ಕಾರ್ಟಿಸೋಲಿನ ತಯಾರಿಕೆಯನ್ನೇ ತಡೆಯುತ್ತದೆ. ಎಚ್‌ಐವಿ ಚಿಕಿತ್ಸೆಯ ರಿಟೊನಾವಿರ್ ಜೊತೆಗೆ ಫ್ಲುಟಿಕಾಸೋನ್ ಇನ್‌ಹೇಲರ್ ಬಳಸಿದರೆ, ಇನ್‌ಹೇಲರಿನ ಅಲ್ಪ ಸ್ಟಿರಾಯ್ಡ್ ಒಡೆಯದೆ ರಕ್ತದಲ್ಲಿ ಶೇಖರವಾಗಿ, ನೋಡಲು ಕಾರ್ಟಿಸೋಲ್ ಹೆಚ್ಚಾದಂತೆಯೂ ಅಳೆದರೆ ಕಡಿಮೆಯಾದಂತೆಯೂ ಕಾಣುವ ವಿಚಿತ್ರ ಸ್ಥಿತಿ ಉಂಟಾಗುತ್ತದೆ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ರಕ್ತದಲ್ಲಿ ಕಾರ್ಟಿಸೋಲನ್ನು ಹೊರುವ ಪ್ರೋಟೀನನ್ನು ಹೆಚ್ಚಿಸುತ್ತದೆ. ಆಗ ಒಟ್ಟು ಅಳತೆ ಮೇಲೇರಿದರೂ ಕೆಲಸ ಮಾಡುವ ಮುಕ್ತ ಕಾರ್ಟಿಸೋಲ್ ಏರಿರುವುದಿಲ್ಲ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಅನೇಕ ಪರೀಕ್ಷಾ ವಿಧಾನಗಳಲ್ಲಿ ಕಾರ್ಟಿಸೋಲ್ ಎಂದೇ ಎಣಿಕೆಯಾಗುತ್ತದೆ.

ಆಮೇಲೆ ಗಡಿಯಾರ. ಕಾರ್ಟಿಸೋಲ್ ನಸುಕಿನಲ್ಲಿ ಏರತೊಡಗಿ, ಎಚ್ಚರವಾದ ಅರ್ಧ ಮುಕ್ಕಾಲು ಗಂಟೆಯಲ್ಲಿ ಇನ್ನಷ್ಟು ಜಿಗಿದು, ದಿನವಿಡೀ ಇಳಿಯುತ್ತ ನಡುರಾತ್ರಿಯ ಹೊತ್ತಿಗೆ ತಳ ಮುಟ್ಟುತ್ತದೆ. ಮಧ್ಯಾಹ್ನ ಮೂರಕ್ಕೆ ತೆಗೆದ ರಕ್ತದಲ್ಲಿ ‘ಕಡಿಮೆ’ ಎಂದು ಬಂದ ವರದಿಯನ್ನು ಬೆಳಗಿನ ಮಾನದಂಡಕ್ಕೆ ಹೋಲಿಸಿ ಗಾಬರಿಯಾದವರು ಎಷ್ಟೋ ಮಂದಿ. ರಾತ್ರಿ ಪಾಳಿಯವರಲ್ಲಿ ಈ ಲಯವೇ ಜರುಗಿರುವುದರಿಂದ ಅವರು ಎದ್ದ ಸಮಯವನ್ನು ವರದಿಯ ಪಕ್ಕ ಬರೆಯದ ಹೊರತು ಆ ಸಂಖ್ಯೆಗೆ ಅರ್ಥವಿಲ್ಲ.

ಕಾರ್ಟಿಸೋಲ್ ಕೊರತೆ ಎಂದು ಸಂಶಯ ಬಂದಾಗ

ದಣಿವು ಎಲ್ಲ ರೋಗಗಳಲ್ಲೂ ಇರುತ್ತದೆ. ಅದನ್ನು ಸುಳಿವು ಎಂದು ಹಿಡಿಯಬಾರದು. ತೂಕ ಇಳಿದಿದೆಯೇ, ಹಸಿವು ಹೋಗಿದೆಯೇ, ನಿಂತಾಗ ರಕ್ತದೊತ್ತಡ ಇಳಿಯುತ್ತದೆಯೇ, ಉಪ್ಪಿಗಾಗಿ ಬಾಯಿ ಹಾತೊರೆಯುತ್ತದೆಯೇ, ಸಾಧಾರಣ ನೆಗಡಿ ಜ್ವರಕ್ಕೂ ವಾರಗಟ್ಟಲೆ ಏಳಲಾಗದೆ ಮಲಗುವಂತಾಗಿದೆಯೇ ಎಂದು ನೋಡಬೇಕು. ಈ ಕೊನೆಯದು ನನ್ನ ಮಟ್ಟಿಗೆ ಬಹಳ ಮುಖ್ಯ, ಏಕೆಂದರೆ ದಿನಕ್ಕೆ ಸುಮಾರು ಹತ್ತು ಮಿಲಿಗ್ರಾಂ ಕಾರ್ಟಿಸೋಲ್ ತಯಾರಿಸುವ ಆರೋಗ್ಯವಂತ ಗ್ರಂಥಿ ತೀವ್ರ ಕಾಯಿಲೆಯಲ್ಲಿ ಅದನ್ನು ಹಲವು ಪಟ್ಟು ಹೆಚ್ಚಿಸಬಲ್ಲದು. ಅರೆಬರೆ ಕೆಟ್ಟ ಗ್ರಂಥಿ ಸುಮ್ಮನಿರುವ ದಿನಗಳಲ್ಲಿ ಹೇಗೋ ನಿಭಾಯಿಸಿ, ಹೆಚ್ಚಿಸಬೇಕಾದ ದಿನ ಕೈಚೆಲ್ಲುತ್ತದೆ.

ಬಳಿಕ ಚರ್ಮವನ್ನು ನೋಡಬೇಕು. ದೋಷ ಗ್ರಂಥಿಯಲ್ಲೇ ಇದ್ದರೆ ಕಡಿವಾಣ ತಪ್ಪಿದ ಪಿಟ್ಯುಟರಿ ಎಸಿಟಿಎಚ್‌ ಅನ್ನು ಬೇಕಾಬಿಟ್ಟಿ ಸ್ರವಿಸುತ್ತದೆ. ಅದು ಚರ್ಮದ ವರ್ಣಕೋಶಗಳನ್ನೂ ಕೆರಳಿಸುವುದರಿಂದ ಅಂಗೈ ಗೆರೆ, ಬೆರಳ ಗೆಣ್ಣು, ಹಳೆಯ ಗಾಯದ ಕಲೆ, ವಸಡುಗಳು ಕಪ್ಪಾಗುತ್ತವೆ. ಥಾಮಸ್ ಅಡಿಸನ್ 1855ರಲ್ಲಿ ಈ ರೋಗವನ್ನು ವಿವರಿಸಿದಾಗ ಅವರ ಕಣ್ಣಿಗೆ ಬಿದ್ದದ್ದೂ ಈ ಬಣ್ಣವೇ. ಮೈಬಣ್ಣ ಸಹಜವಾಗಿಯೇ ಕಪ್ಪಾಗಿರುವವರಲ್ಲಿ ವಸಡಿನ ಬಣ್ಣ ಮಾತ್ರ ನೋಡಿ ತೀರ್ಮಾನಿಸುವುದು ತಪ್ಪು. ಮೊದಲಿಗಿಂತ ಕಪ್ಪಾಗಿದೆಯೇ ಎಂದು ಮನೆಯವರನ್ನು ಕೇಳುವುದು, ಹಳೆಯ ಫೋಟೊದೊಂದಿಗೆ ಹೋಲಿಸುವುದು ಒಳ್ಳೆಯದು. ದೋಷ ಪಿಟ್ಯುಟರಿಯಲ್ಲಿದ್ದರೆ ಚರ್ಮ ಕಪ್ಪಾಗುವುದಿಲ್ಲ, ಬದಲಿಗೆ ಬಿಳಿಚಿಕೊಳ್ಳಬಹುದು.

ರಕ್ತದ ಲವಣಗಳೂ ಇದೇ ಕವಲನ್ನು ತೋರಿಸುತ್ತವೆ. ಉಪ್ಪನ್ನು ಹಿಡಿದಿಡುವ ಅಲ್ಡೋಸ್ಟಿರಾನ್ ತೊಗಟೆಯ ಹೊರಪದರದಲ್ಲಿ ತಯಾರಾಗುತ್ತದೆ. ಅದನ್ನು ಮುಖ್ಯವಾಗಿ ಆಳುವುದು ಮೂತ್ರಪಿಂಡದ ರೆನಿನ್ ವ್ಯವಸ್ಥೆಯೇ ಹೊರತು ಪಿಟ್ಯುಟರಿಯಲ್ಲ. ಗ್ರಂಥಿಯೇ ಹಾಳಾದಾಗ ಸೋಡಿಯಂ ಇಳಿದು ಪೊಟ್ಯಾಸಿಯಂ ಏರುತ್ತದೆ. ಪಿಟ್ಯುಟರಿ ಕೆಟ್ಟಾಗ ಸೋಡಿಯಂ ಇಳಿದರೂ ಪೊಟ್ಯಾಸಿಯಂ ಏರುವುದಿಲ್ಲ.

ಈಗ ಬೆಳಗ್ಗೆ ಎಂಟರ ಸುಮಾರಿಗೆ ಕಾರ್ಟಿಸೋಲ್ ಮತ್ತು ಎಸಿಟಿಎಚ್ ಎರಡನ್ನೂ ಒಟ್ಟಿಗೆ ಅಳೆಯಬೇಕು. ಎಸಿಟಿಎಚ್ ಬೇಗ ಹಾಳಾಗುವ ವಸ್ತು. ಮಾದರಿಯನ್ನು ತಂಪಾಗಿಟ್ಟು ಕೂಡಲೇ ಸಂಸ್ಕರಿಸದಿದ್ದರೆ ‘ಕಡಿಮೆ’ ಎಂಬ ಸುಳ್ಳು ಉತ್ತರ ಬಂದು ತಪ್ಪು ಪಿಟ್ಯುಟರಿಯ ತಲೆಗೆ ಬೀಳುತ್ತದೆ. ಕಾರ್ಟಿಸೋಲ್ ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಬಹುತೇಕ ಖಚಿತ. 15ರಿಂದ 18ಕ್ಕಿಂತ ಮೇಲಿದ್ದರೆ ಕೊರತೆಯ ಸಾಧ್ಯತೆ ತೀರಾ ಕಡಿಮೆ. ಆದರೆ ಈ ಮಾತು ಆರಾಮವಾಗಿರುವ ವ್ಯಕ್ತಿಗೆ ಅನ್ವಯಿಸುತ್ತದೆ. ಸೋಂಕಿನಿಂದ ರಕ್ತದೊತ್ತಡ ಕುಸಿದು ಮಲಗಿರುವವರಲ್ಲಿ 10 ಎಂಬ ಅಳತೆ ‘ಸಾಮಾನ್ಯ ವ್ಯಾಪ್ತಿಯಲ್ಲಿದೆ’ ಎಂದು ವರದಿಯಲ್ಲಿ ಅಚ್ಚಾಗಿದ್ದರೂ, ಆ ಹೊತ್ತಿನ ಒತ್ತಡಕ್ಕೆ ಅದು ಸಾಲದು. ಒತ್ತಡದ ಹಾರ್ಮೋನನ್ನು ಒತ್ತಡದ ಲೆಕ್ಕವಿಲ್ಲದೆ ಓದಬಾರದು.

ನಡುವಣ ಸಂಖ್ಯೆ ಬಂದರೆ ಪ್ರಚೋದನಾ ಪರೀಕ್ಷೆ ಬೇಕು. ಕೃತಕ ಎಸಿಟಿಎಚ್ 250 ಮೈಕ್ರೋಗ್ರಾಂ ಚುಚ್ಚಿ, ಅರ್ಧ ಗಂಟೆಗೂ ಒಂದು ಗಂಟೆಗೂ ಕಾರ್ಟಿಸೋಲ್ ಅಳೆಯುತ್ತಾರೆ. ಹಳೆಯ ಪರೀಕ್ಷಾ ವಿಧಾನಗಳಲ್ಲಿ ಅದು 18 ದಾಟಬೇಕಿತ್ತು. ಹೆಚ್ಚು ನಿಖರವಾದ ಹೊಸ ವಿಧಾನಗಳಲ್ಲಿ 14, 15ರ ಆಸುಪಾಸು ಸಾಕಾಗುತ್ತದೆ, ಹೀಗಾಗಿ ಆ ಪ್ರಯೋಗಾಲಯ ಬಳಸುವ ವಿಧಾನ ಯಾವುದೆಂದು ವಿಚಾರಿಸಬೇಕು. ಈ ಪರೀಕ್ಷೆಯಲ್ಲಿ ಒಂದು ಬಲೆ ಇದೆ. ಪಿಟ್ಯುಟರಿಗೆ ಪೆಟ್ಟಾಗಿ ಕೆಲವೇ ವಾರಗಳಾಗಿದ್ದರೆ, ಅಡ್ರಿನಲ್ ತೊಗಟೆ ಇನ್ನೂ ಸೊರಗಿರುವುದಿಲ್ಲವಾದ್ದರಿಂದ ಹೊರಗಿನಿಂದ ಕೊಟ್ಟ ಎಸಿಟಿಎಚ್‌ಗೆ ಅದು ಚೆನ್ನಾಗಿಯೇ ಸ್ಪಂದಿಸುತ್ತದೆ. ಆಗ ಬಂದ ‘ಸರಿಯಿದೆ’ ಎಂಬ ಫಲಿತಾಂಶವನ್ನು ನಂಬುವಂತಿಲ್ಲ.

ಕಾರ್ಟಿಸೋಲ್ ಕಡಿಮೆ, ಎಸಿಟಿಎಚ್ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು ಎಂದಾದರೆ ದೋಷ ಗ್ರಂಥಿಯದ್ದು. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದಿದೆಯೇ ಎಂದು ತಿಳಿಯಲು ಗ್ರಂಥಿಯ ಕಿಣ್ವವೊಂದರ ವಿರುದ್ಧ ಹುಟ್ಟುವ 21-ಹೈಡ್ರಾಕ್ಸಿಲೇಸ್ ಪ್ರತಿಕಾಯವನ್ನು ನೋಡುತ್ತಾರೆ. ಅದು ಇಲ್ಲದಿದ್ದರೆ ಸ್ಕ್ಯಾನ್ ಮಾಡಿಸಿ ಕ್ಷಯ, ಶಿಲೀಂಧ್ರ ಸೋಂಕು, ರಕ್ತಸ್ರಾವ, ಬೇರೆಡೆಯಿಂದ ಹರಡಿದ ಕ್ಯಾನ್ಸರ್‌ಗಳನ್ನು ಹುಡುಕುತ್ತಾರೆ. ಕಾರ್ಟಿಸೋಲ್, ಎಸಿಟಿಎಚ್ ಎರಡೂ ಕಡಿಮೆಯಿದ್ದರೆ ದೋಷ ಮೇಲಿನ ಪಿಟ್ಯುಟರಿ ಅಥವಾ ಹೈಪೊಥಲಾಮಸ್‌ನದು, ಅಥವಾ ಹೊರಗಿನ ಸ್ಟಿರಾಯ್ಡ್‌ನದು. ಆಗ ಔಷಧಗಳ ಪಟ್ಟಿಯನ್ನು ಇನ್ನೊಮ್ಮೆ ಕೈಗೆತ್ತಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಥೈರಾಯ್ಡ್ ಕೊರತೆ ಮತ್ತು ಕಾರ್ಟಿಸೋಲ್ ಕೊರತೆ ಒಟ್ಟಿಗೇ ಇರಬಹುದು, ಎರಡರಲ್ಲೂ ದಣಿವೇ ಮುಖ್ಯ ದೂರು. ಕಾರ್ಟಿಸೋಲ್ ಕೊರತೆಯನ್ನು ಗುರುತಿಸದೆ ಥೈರಾಯ್ಡ್ ಮಾತ್ರೆ ಮಾತ್ರ ಶುರುಮಾಡಿದರೆ, ದೇಹದ ಚಯಾಪಚಯ ವೇಗಗೊಂಡು ಇದ್ದಬದ್ದ ಕಾರ್ಟಿಸೋಲೂ ಬೇಗ ಖರ್ಚಾಗಿ ಬಿಕ್ಕಟ್ಟು ಉಂಟಾಗಬಹುದು. ಥೈರಾಯ್ಡ್ ಮಾತ್ರೆ ಶುರುಮಾಡಿದ ಮೇಲೆ ವ್ಯಕ್ತಿ ಇನ್ನಷ್ಟು ಕುಗ್ಗಿದರೆ ಡೋಸು ಹೆಚ್ಚಿಸುವ ಬದಲು ಕಾರ್ಟಿಸೋಲ್ ಅಳೆಯಬೇಕು; ಕೊರತೆ ಇದೆಯೆಂದಾದರೆ ಮೊದಲು ಕೊಡಬೇಕಾದದ್ದು ಕಾರ್ಟಿಸೋಲ್.

ಕಾರ್ಟಿಸೋಲ್ ಹೆಚ್ಚಳ ಎಂದು ಸಂಶಯ ಬಂದಾಗ

ಹೊಟ್ಟೆಯ ಬೊಜ್ಜು, ಏರಿದ ಸಕ್ಕರೆ, ಏರಿದ ರಕ್ತದೊತ್ತಡ ಇವು ಕಾರ್ಟಿಸೋಲ್ ಹೆಚ್ಚಿಲ್ಲದ ಅಸಂಖ್ಯ ಜನರಲ್ಲಿ ಇರುತ್ತವೆ. ನಿಜವಾದ ಹೆಚ್ಚಳವನ್ನು ಬೇರ್ಪಡಿಸಿ ತೋರಿಸುವುದು ಪ್ರೋಟೀನ್ ಕರಗಿದ ಗುರುತುಗಳು: ತಾಗಿದ್ದು ನೆನಪೇ ಇಲ್ಲದಂತೆ ಅಲ್ಲಲ್ಲಿ ನೀಲಿಗಟ್ಟುವ ತೆಳು ಚರ್ಮ, ಒಂದು ಸೆಂಟಿಮೀಟರಿಗಿಂತ ಅಗಲವಾದ ನೇರಳೆ ಗೆರೆಗಳು, ಕೈ ಊರದೆ ಕುರ್ಚಿಯಿಂದ ಏಳಲಾಗದಷ್ಟು ಸೋತ ತೊಡೆಯ ಸ್ನಾಯುಗಳು. ಮಕ್ಕಳಲ್ಲಾದರೆ ತೂಕ ಏರುತ್ತಿದ್ದರೂ ಎತ್ತರ ಬೆಳೆಯುವುದು ನಿಧಾನವಾಗುತ್ತದೆ.

ಪರೀಕ್ಷಿಸುವ ಸರಳ ವಿಧಾನ ಕಡಿವಾಣವನ್ನು ಎಳೆದು ನೋಡುವುದು. ರಾತ್ರಿ ಹನ್ನೊಂದರ ನಂತರ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಕೃತಕ ಸ್ಟಿರಾಯ್ಡ್ ನುಂಗಿಸಿ ಬೆಳಗ್ಗೆ ಎಂಟಕ್ಕೆ ಕಾರ್ಟಿಸೋಲ್ ಅಳೆದರೆ, ಆರೋಗ್ಯವಂತರಲ್ಲಿ ಅದು 1.8 ಮೈಕ್ರೋಗ್ರಾಂಗಿಂತ ಕೆಳಗಿಳಿದಿರಬೇಕು. ಇಳಿಯದಿದ್ದರೆ ರೋಗವೆಂದು ಹೇಳುವ ಮುನ್ನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿದ್ದರೇ, ಅದನ್ನು ಬೇಗ ಒಡೆಯುವ ಫೆನಿಟಾಯಿನ್, ಕಾರ್ಬಮಜೆಪಿನ್, ರಿಫಾಂಪಿಸಿನ್‌ಗಳಂಥ ಔಷಧವಿತ್ತೇ, ಈಸ್ಟ್ರೊಜೆನ್ ಮಾತ್ರೆ ನಡೆಯುತ್ತಿತ್ತೇ ಎಂದು ಕೇಳಬೇಕು. ನಡುರಾತ್ರಿಯ ಲಾಲಾರಸ ಮತ್ತು 24 ಗಂಟೆಗಳ ಮೂತ್ರದಲ್ಲಿಯೂ ಕಾರ್ಟಿಸೋಲ್ ಅಳೆಯುತ್ತಾರೆ. ಈ ಮೂರರಲ್ಲಿ ಕನಿಷ್ಠ ಎರಡು ಒಂದೇ ಮಾತು ಹೇಳಬೇಕು. ಖಿನ್ನತೆ, ಅತಿಯಾದ ಮದ್ಯಸೇವನೆ, ತೀವ್ರ ಕಾಯಿಲೆಗಳಲ್ಲಿ ಒತ್ತಡದಿಂದಲೇ ಕಾರ್ಟಿಸೋಲ್ ಮಿತಿ ಮೀರಬಹುದು. ಅಂಥವರಲ್ಲಿ ಮೂಲ ಸಮಸ್ಯೆಗೆ ಚಿಕಿತ್ಸೆ ಕೊಟ್ಟು ಮತ್ತೆ ಅಳೆಯುವುದೇ ಸರಿಯಾದ ದಾರಿ.

ಹೆಚ್ಚಳ ಖಚಿತವಾದ ಮೇಲೆ ಎಸಿಟಿಎಚ್ ನೋಡಬೇಕು: ಅದು ಅಡಗಿಹೋಗಿದ್ದರೆ ಗಡ್ಡೆ ಅಡ್ರಿನಲ್‌ನಲ್ಲಿ, ಅಡಗದಿದ್ದರೆ ಬಹುಪಾಲು ಪಿಟ್ಯುಟರಿಯಲ್ಲಿ, ಕೆಲವೊಮ್ಮೆ ಶ್ವಾಸಕೋಶದಂಥ ಬೇರೆ ಅಂಗದಲ್ಲಿ. ಈ ಕ್ರಮವನ್ನು ತಿರುವುಮುರುವು ಮಾಡಬಾರದು. ಏನೂ ತೊಂದರೆ ಕೊಡದ ಸಣ್ಣ ಗಂಟುಗಳು ಈ ಎರಡೂ ಗ್ರಂಥಿಗಳಲ್ಲಿ ಅನೇಕರಿಗೆ, ಅದರಲ್ಲೂ ಅಡ್ರಿನಲ್‌ನಲ್ಲಿ ವಯಸ್ಸಾದಂತೆಲ್ಲ ಹೆಚ್ಚಾಗಿ ಇರುತ್ತವೆ. ಹಾರ್ಮೋನು ಅಳೆಯದೆ ಮೊದಲೇ ಸ್ಕ್ಯಾನ್ ಮಾಡಿಸಿದರೆ ಕಂಡ ಗಂಟೇ ಅಪರಾಧಿಯೆನಿಸಿ, ನಿಜವಾದ ಕಾರಣ ಮರೆಯಲ್ಲೇ ಉಳಿಯುತ್ತದೆ.

ತಿರುಳಿನ ದೋಷ

ತಲೆನೋವು, ಎದೆಬಡಿತ, ಬೆವರು ಮೂರೂ ಒಟ್ಟಿಗೆ ಅಲೆಯಂತೆ ಬಂದು ಹೋಗುತ್ತಿದ್ದು, ಆ ಹೊತ್ತಿಗೆ ರಕ್ತದೊತ್ತಡ ಜಿಗಿಯುತ್ತಿದ್ದರೆ ತಿರುಳಿನ ಗಡ್ಡೆಯಾದ ಫಿಯೊಕ್ರೊಮೊಸೈಟೋಮವನ್ನು ನೆನೆಯಬೇಕು. ಇದು ಅಪರೂಪ, ಗಾಬರಿಯ ದಾಳಿಗಳು ಇದಕ್ಕಿಂತ ಎಷ್ಟೋ ಪಾಲು ಸಾಮಾನ್ಯ. ಅಳೆಯಬೇಕಾದದ್ದು ಅಡ್ರಿನಲಿನ್‌ ಅಲ್ಲ, ಅದರ ಒಡಕು ವಸ್ತುವಾದ ಮೆಟಾನೆಫ್ರಿನ್. ಗಡ್ಡೆ ಅಡ್ರಿನಲಿನ್‌ ಅನ್ನು ಆಗೊಮ್ಮೆ ಈಗೊಮ್ಮೆ ಉಗುಳಿದರೂ ಮೆಟಾನೆಫ್ರಿನ್ ಸದಾ ಸೋರುತ್ತಿರುತ್ತದೆ. ವ್ಯಕ್ತಿಯನ್ನು ಇಪ್ಪತ್ತು ಮೂವತ್ತು ನಿಮಿಷ ಅಂಗಾತ ಮಲಗಿಸಿ ರಕ್ತ ತೆಗೆಯದಿದ್ದರೆ, ಅಥವಾ ಕೆಲವು ಖಿನ್ನತೆಯ ಮಾತ್ರೆಗಳು ನಡೆಯುತ್ತಿದ್ದರೆ ಅಳತೆ ಸುಳ್ಳೇ ಏರುತ್ತದೆ. ರೋಗ ಖಚಿತವಾದರೆ ಎದೆಬಡಿತ ತಗ್ಗಿಸಲು ಬೀಟಾ ತಡೆ ಔಷಧವನ್ನು ಮೊದಲೇ ಕೊಡುವುದು ಅಪಾಯ. ರಕ್ತನಾಳಗಳನ್ನು ಸಡಿಲಿಸುವ ಆಲ್ಫಾ ತಡೆ ಔಷಧ ಮೊದಲಾಗಬೇಕು.

ಲವಣದ ದೋಷ ಒತ್ತಡದ ವಿಷಯಕ್ಕೆ ಸ್ವಲ್ಪ ದೂರದ್ದಾದರೂ ಒಂದು ಮಾತು ಹೇಳಬೇಕು. ರಕ್ತದೊತ್ತಡ ಹೆಚ್ಚು, ಪೊಟ್ಯಾಸಿಯಂ ಕಡಿಮೆ ಎಂದಾದರೆ ಅಲ್ಡೋಸ್ಟಿರಾನ್ ಮತ್ತು ರೆನಿನ್ ಅನುಪಾತ ನೋಡುತ್ತಾರೆ. ಎರಡೂ ಕಡಿಮೆ ಬಂದರೆ ಜ್ಯೇಷ್ಠಮಧುವನ್ನು ಹೆಚ್ಚಾಗಿ ಸೇವಿಸುತ್ತಿದ್ದಾರೆಯೇ ಎಂದು ಕೇಳಬೇಕು. ಮೂತ್ರಪಿಂಡದಲ್ಲಿ ಕಾರ್ಟಿಸೋಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಅದು ತಡೆಯುವುದರಿಂದ ಕಾರ್ಟಿಸೋಲೇ ಅಲ್ಡೋಸ್ಟಿರಾನ್‌ನ ಕೆಲಸ ಮಾಡತೊಡಗುತ್ತದೆ.

ಅಳತೆಯೆಲ್ಲ ಸರಿಯಿದ್ದೂ ದಣಿವು ಉಳಿದರೆ

ಆಗ ‘ಅಡ್ರಿನಲ್ ಬಳಲಿಕೆ’ ಎಂಬ ಹೆಸರು ಮುಂದೆ ಬರುತ್ತದೆ. ಹಾರ್ಮೋನು ತಜ್ಞರು ಇದನ್ನು ರೋಗವೆಂದು ಒಪ್ಪುವುದಿಲ್ಲ, ಒಪ್ಪದಿರುವುದು ಸರಿಯೆಂದೇ ನನ್ನ ನಿಲುವು. ಹ್ಯಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳಿಗೆ ಬಗೆಬಗೆಯ ಹಿಂಸೆ ಕೊಟ್ಟು ಒತ್ತಡದ ಪರಿಣಾಮವನ್ನು ವರದಿ ಮಾಡಿದಾಗ ಕಂಡದ್ದು ಹಿಗ್ಗಿದ ಅಡ್ರಿನಲ್ ತೊಗಟೆ, ಕುಗ್ಗಿದ ಥೈಮಸ್ (ಎದೆಯಲ್ಲಿರುವ ರೋಗನಿರೋಧಕ ಗ್ರಂಥಿ), ಹೊಟ್ಟೆಯ ಹುಣ್ಣು. ಅವರು ‘ಬಳಲಿಕೆಯ ಹಂತ’ ಎಂದದ್ದು ಇಡೀ ಜೀವಿಯ ಹೊಂದಾಣಿಕೆಯ ಶಕ್ತಿ ಮುಗಿಯುವುದನ್ನು ಕುರಿತು. ದೀರ್ಘಕಾಲದ ಒತ್ತಡ ಕಾರ್ಟಿಸೋಲಿನ ಲಯವನ್ನು ಕದಡಬಹುದು, ನಿದ್ದೆಯನ್ನು ಕೆಡಿಸಬಹುದು. ಆದರೆ ಗ್ರಂಥಿ ಬರಿದಾಗುತ್ತದೆ ಎನ್ನಲು ಪುರಾವೆಯಿಲ್ಲ.

ಹೀಗೆಂದ ಮಾತ್ರಕ್ಕೆ ದಣಿವು ಸುಳ್ಳಲ್ಲ. ಹುಡುಕಾಟ ಬೇರೆಡೆ ಮುಂದುವರಿಯಬೇಕು: ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆ, ಗೊರಕೆಯೊಂದಿಗೆ ಉಸಿರು ನಿಲ್ಲುವ ನಿದ್ರಾದೋಷ, ಖಿನ್ನತೆ. ‘ಅಡ್ರಿನಲ್‌ಗೆ ಬಲ’ ಎಂದು ಮಾರಾಟವಾಗುವ ಕೆಲವು ಮಾತ್ರೆಗಳಲ್ಲಿ ಪ್ರಾಣಿಗಳ ಗ್ರಂಥಿಯ ಸಾರವೋ ಸ್ಟಿರಾಯ್ಡೋ ಇರುವುದುಂಟು. ಅವುಗಳನ್ನು ತಿಂಗಳುಗಟ್ಟಲೆ ಸೇವಿಸಿದರೆ ಇಲ್ಲದ ದೋಷ ನಿಜವಾಗಿಯೂ ಹುಟ್ಟಿಕೊಳ್ಳಬಹುದು.

ಸ್ಟಿರಾಯ್ಡ್‌ನಿಂದ ಮಲಗಿದ ಗ್ರಂಥಿ ಎದ್ದಿದೆಯೇ ಎಂದು ತಿಳಿಯುವುದು

ಮೂರು ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ದಿನಕ್ಕೆ 5 ಮಿಲಿಗ್ರಾಂಗೂ ಮಿಕ್ಕಿ ಪ್ರೆಡ್ನಿಸೊಲೋನ್ ಸೇವಿಸಿದವರು ಅದನ್ನು ಒಮ್ಮೆಲೇ ನಿಲ್ಲಿಸಬಾರದು. ವೈದ್ಯರು ಹಂತಹಂತವಾಗಿ ಇಳಿಸುತ್ತ ದೇಹದ ಸಹಜ ಉತ್ಪಾದನೆಗೆ ಸಮನಾದ ಮಟ್ಟಕ್ಕೆ ತಂದ ಮೇಲೆ, ಕೊನೆಯ ಡೋಸಿನ ನಂತರ ಕನಿಷ್ಠ 24 ಗಂಟೆ ಬಿಟ್ಟು ಬೆಳಗಿನ ಕಾರ್ಟಿಸೋಲ್ ಅಳೆಯುತ್ತಾರೆ. ಅದು 10 ಮೈಕ್ರೋಗ್ರಾಂ ದಾಟಿದ್ದರೆ ಗ್ರಂಥಿ ಎದ್ದಿದೆ, ಸ್ಟಿರಾಯ್ಡ್ ನಿಲ್ಲಿಸಬಹುದು. 5ರಿಂದ 10ರ ನಡುವೆ ಇದ್ದರೆ ಅದೇ ಅಲ್ಪ ಡೋಸನ್ನು ಮುಂದುವರಿಸಿ ಕೆಲವು ವಾರಗಳ ನಂತರ ಮತ್ತೆ ಅಳೆಯಬೇಕು. 5ಕ್ಕಿಂತ ಕಡಿಮೆಯಿದ್ದರೆ ಕೆಲವು ತಿಂಗಳೇ ಕಾಯಬೇಕಾಗುತ್ತದೆ. ಈ ಅವಧಿಯಲ್ಲಿ ಜ್ವರ ಬಂದರೆ ಡೋಸನ್ನು ಎರಡು ಮೂರು ಪಟ್ಟು ಹೆಚ್ಚಿಸಿಕೊಳ್ಳುವುದು ಹೇಗೆ, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ ಎಲ್ಲಿ ಪಡೆಯಬೇಕು ಎಂಬುದನ್ನು ಆ ವ್ಯಕ್ತಿಗೂ ಜೊತೆಯಲ್ಲಿರುವವರಿಗೂ ಬರೆದು ಕೊಟ್ಟಿರಬೇಕು, ಮತ್ತು ‘ಸ್ಟಿರಾಯ್ಡ್ ಅವಲಂಬಿತ’ ಎಂದು ಬರೆದ ಚೀಟಿ ಸದಾ ಅವರ ಜೇಬಿನಲ್ಲಿರಬೇಕು.